ಧಾರಾವಾಹಿ ಮುಗಿದ ಮೇಲೆ ಬಂದ ಪುಸ್ತಕಗಳು

ನನ್ನ ಕಿವಿ ಮಂದವಾಗುತ್ತಿದೆ ಎಂಬುದು ನನಗಿಂತ ಮೊದಲು ಗೊತ್ತಾದದ್ದು ಎಂಟನೇ ಕ್ಲಾಸಿನ ಹಿಂದಿನ ಬೆಂಚಿನವರಿಗೆ. ಹಾರನಹಳ್ಳಿಯ ಹೈಸ್ಕೂಲಿನಲ್ಲಿ ಆಗ ನಾನು ಗಣಿತದ ಮೇಡಂ. ಯಾರಾದರೂ ಎದ್ದು ಉತ್ತರ ಹೇಳಿದರೆ, ಬಾಯಿ ಆಡಿದ್ದು ಕಂಡರೆ ಸಾಕು, "ಸರಿ, ಕೂತ್ಕೋ" ಎನ್ನುತ್ತಿದ್ದೆ. ಮಕ್ಕಳು ಇದನ್ನು ಕಂಡುಹಿಡಿದಿದ್ದರು. ಹದಿನೇಳರ ವರ್ಗ ಎಷ್ಟು ಎಂದು ಕೇಳಿದರೆ ತಮ್ಮ ಮನೆಯ ಎಮ್ಮೆಯ ಹೆಸರು ಹೇಳುತ್ತಿದ್ದರಂತೆ. ನಾನು ಎಲ್ಲ ಎಮ್ಮೆಗಳಿಗೂ ಸರಿ ಎಂದಿದ್ದೆ.

ಇದನ್ನು ನನ್ನ ಮುಖಕ್ಕೇ ಹೇಳಿದವರು ಸೈನ್ಸ್ ಮೇಡಂ. ನನಗಿಂತ ಆರು ವರ್ಷ ದೊಡ್ಡವರು. ಅವರ ಗಂಡನ ಮನೆ ಬೇಲೂರಿನ ಆಚೆ ಗೆಂಡೆಹಳ್ಳಿ. ಕೆಲಸ ಈ ಕಡೆ ಸಿಕ್ಕಿದ್ದರಿಂದ ಅರಸೀಕೆರೆಯಲ್ಲಿ ಒಂದು ಬಾಡಿಗೆ ಮನೆ ಮಾಡಿಕೊಂಡು, ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಊರಿಗೆ ಹೋಗಿ, ಸೋಮವಾರ ಮೊದಲ ಬಸ್ಸಿಗೆ ಬರುತ್ತಿದ್ದರು. ನಾನು ಅದೇ ಬೀದಿಯಲ್ಲಿ ಒಂದು ರೂಮಿನಲ್ಲಿದ್ದೆ. ಸ್ಕೂಲಿಗೆ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದಾಗ ಅವರು ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತರು.

"ನಿಂಗೆ ಕಿವಿ ಕೇಳಿಸ್ತಾ ಇಲ್ಲ ಕಣೇ. ಎಷ್ಟು ದಿನದಿಂದ?"

"ಹಂಗೇನಿಲ್ಲ ಅಕ್ಕ, ಗಲಾಟೆ ಇದ್ದಾಗ ಸ್ವಲ್ಪ..."

ಅವರು ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ಇಳಿಸಿ, "ಏನಂದೆ ಹೇಳು" ಎಂದರು. ಅವರು ಏನಾದರೂ ಅಂದಿದ್ದರು ಎಂಬುದೇ ನನಗೆ ಗೊತ್ತಾಗಿರಲಿಲ್ಲ. ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದು ಮತ್ತೆ ಅಲ್ಲೇ ಕೂತರು. ಅಳು ಮುಗಿದ ಮೇಲೆ, "ಇವತ್ತು ಶುಕ್ರವಾರ ಅಲ್ವಾ, ಸಾಯಂಕಾಲ ನಮ್ಮನೆಗೆ ಬಾ. ಒಂದು ಸೀರಿಯಲ್ ಬತ್ತದೆ, ನೋಡೋಣ" ಎಂದರು.

ಅದು ಇಂಗ್ಲಿಷ್ ಧಾರಾವಾಹಿ, ಏಳು ಗಂಟೆಗೆ. ನಕ್ಷತ್ರಗಳ ನಡುವೆ ಹಡಗುಗಳು ಓಡಾಡುವ ಕಾಲ. ಆ ದಾರಿಗಳ ಉದ್ದಕ್ಕೂ ದಿಕ್ಕು ತೋರಿಸುವ ದೀಪಗಳಿವೆ. ಕೆಟ್ಟುಹೋದ ದೀಪಗಳನ್ನು ರಿಪೇರಿ ಮಾಡುವುದಕ್ಕೆಂದೇ ಒಂದು ಹಳೆಯ ಹಡಗು. ಅದರಲ್ಲಿ ಏಳು ಜನ. ಯುದ್ಧವಿಲ್ಲ, ರಾಜರಿಲ್ಲ. ಹೋಗುವುದು, ದೀಪ ಸರಿಮಾಡುವುದು, ಮುಂದಿನ ದೀಪಕ್ಕೆ ಹೊರಡುವುದು. ಹಡಗಿನ ಯಜಮಾನಿ ಒಬ್ಬ ಹೆಂಗಸು, ನಾಯಕಿ. ಇನ್ನೊಬ್ಬ ಮೆಕ್ಯಾನಿಕ್, ವಯಸ್ಸಾದವನು, ಯಾವಾಗಲೂ ಗೊಣಗುವವನು. ಉಳಿದ ಐವರು ಬಂದುಹೋಗುತ್ತಿದ್ದರು. ನಮಗೆ ಬೇಕಾಗಿದ್ದದ್ದು ಇವರಿಬ್ಬರೇ.

"ಇವ್ರು ಲೈನ್‌ಮ್ಯಾನ್‌ಗಳು ಕಣೇ" ಎಂದು ಅಕ್ಕ ಮೊದಲ ದಿನವೇ ತೀರ್ಮಾನಿಸಿದರು. "ನಮ್ಮೂರ ಲೈನ್‌ಮ್ಯಾನ್ ಕಂಬ ಹತ್ತಲ್ವಾ, ಹಂಗೆ."

ನನ್ನ ಕಿವಿಯಲ್ಲಿ ಮೊದಲು ಹೋದದ್ದು ಸಣ್ಣ ದನಿಗಳು. ಹೆಂಗಸರದ್ದು, ಮಕ್ಕಳದ್ದು, ಸ್ಕೂಲಿನ ಗಂಟೆಯದು. ದಪ್ಪ ದನಿಗಳು ಇನ್ನೂ ಸ್ವಲ್ಪ ದಿನ ಉಳಿದಿದ್ದವು. ಹಾಗಾಗಿ ಮೆಕ್ಯಾನಿಕ್ಕನ ಗೊಣಗಾಟ ಗೋಡೆಯ ಆಚೆಯಿಂದ ಬಂದ ಹಾಗೆ ಕೇಳುತ್ತಿತ್ತು. ನಾಯಕಿಯ ದನಿ ಹೇಗಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕ ಟಿವಿಗೆ ಅರ್ಧ ಬೆನ್ನು ಮಾಡಿ, ನನ್ನ ಕಡೆ ಮುಖ ಮಾಡಿ ಕೂರುತ್ತಿದ್ದರು. ಅವರ ಕತ್ತು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗುತ್ತಿತ್ತು. ಟಿವಿಯಲ್ಲಿ ಏನಂದರು ಎಂದು ಕೇಳಿಸಿಕೊಂಡು, ನನಗೆ ಬಾಯಿ ಕಾಣುವ ಹಾಗೆ ಕನ್ನಡದಲ್ಲಿ ಹೇಳುತ್ತಿದ್ದರು.

"ಅವ್ನು ಹೇಳ್ತಾನೆ, ಈ ದೀಪ ಕೆಟ್ಟಿಲ್ಲ, ಯಾರೋ ಬೇಕಂತಲೇ ಆರ್ಸಿದಾರೆ ಅಂತ. ಅವ್ಳು ಹೇಳ್ತಾಳೆ, ಮೊದ್ಲು ಊಟ ಮಾಡು, ಆಮೇಲೆ ನೋಡಣ ಅಂತ."

ಅಕ್ಕನ ಬಾಯಲ್ಲಿ ನಾಯಕಿ ಗೆಂಡೆಹಳ್ಳಿಯವಳಾಗಿದ್ದಳು. ಒಮ್ಮೆ ಮೆಕ್ಯಾನಿಕ್ ಕಿಟಕಿಯ ಹತ್ತಿರ ಒಬ್ಬನೇ ಕೂತು ಏನೋ ಬರೆಯುತ್ತಿದ್ದ. ಏನು ಬರೆಯುತ್ತಿದ್ದಾನೆ ಎಂದು ಕೇಳಿದೆ. "ಅವ್ನಿಗೊಬ್ಳು ತಂಗಿ ಅವ್ಳೆ. ಮದುವೆ ಆಗಿಲ್ಲ. ಅವ್ಳಿಗೆ ಕಾಗದ" ಎಂದರು. ನಾನು ಆ ತಂಗಿಯನ್ನು ತುಂಬ ಹಚ್ಚಿಕೊಂಡುಬಿಟ್ಟೆ. ಅವಳು ಒಂದು ಸಲವೂ ತೆರೆಯ ಮೇಲೆ ಬರಲಿಲ್ಲ. ಆದರೂ ವಾರಕ್ಕೊಮ್ಮೆ, "ಇವತ್ತು ತಂಗಿ ವಿಷಯ ಏನಾದ್ರೂ ಬಂತಾ ಅಕ್ಕ?" ಎಂದು ಕೇಳುತ್ತಿದ್ದೆ. ಬಂತು ಎಂದು ಅಕ್ಕ ಏನಾದರೂ ಹೇಳುತ್ತಿದ್ದರು. ಅವಳಿಗೆ ಜ್ವರ ಬಂದಿತ್ತಂತೆ, ಹೊಲಿಗೆ ಕಲಿತಳಂತೆ, ಅಣ್ಣ ಯಾವಾಗ ಬರುತ್ತಾನೆ ಎಂದು ಕೇಳಿದ್ದಾಳಂತೆ.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ಜೂನಿನಲ್ಲಿ ಅಕ್ಕನಿಗೆ ಊರಿಗೇ ಟ್ರಾನ್ಸ್‌ಫರ್ ಆಯಿತು. ಅವರು ಆರು ವರ್ಷದಿಂದ ಕಾಯುತ್ತಿದ್ದದ್ದು. ಸಾಮಾನು ಟೆಂಪೋದಲ್ಲಿ ಹೋಯಿತು. ಟಿವಿಯನ್ನು ಮಾತ್ರ ನನ್ನ ರೂಮಿಗೆ ತಂದಿಟ್ಟು, "ಊರಲ್ಲಿ ಒಂದೈತೆ. ಇದನ್ನ ನೀನೇ ಇಟ್ಕೋ. ಇನ್ನು ಆರೇ ವಾರ ಅಂತೆ, ಮುಗ್ಯತಂಕ ನೋಡು" ಎಂದರು.

ಬಸ್ ಸ್ಟ್ಯಾಂಡಿಗೆ ಬಿಡಲು ಹೋಗಿದ್ದೆ. ಬಸ್ಸು ಹೊರಡುವಾಗ ಅವರು ಕಿಟಕಿಯಿಂದ ಬಗ್ಗಿ ಏನೋ ಹೇಳಿದರು. ಎಂಜಿನ್ ಅದುರುತ್ತಿತ್ತು, ಅವರ ಮುಖದ ಮೇಲೆ ಬಿಸಿಲು, ತುಟಿ ಸರಿಯಾಗಿ ಕಾಣಲಿಲ್ಲ. ಹುಷಾರು, ಬರ್ತೀನಿ ಎಂದಿರಬೇಕು ಎಂದುಕೊಂಡೆ. ನಗುತ್ತಾ ಜೋರಾಗಿ ತಲೆ ಆಡಿಸಿದೆ. ಕಿವಿ ಕೇಳದವರು ಬೇಗ ಕಲಿಯುವ ವಿದ್ಯೆ ಅದು.

ಉಳಿದ ಆರು ವಾರ ಒಬ್ಬಳೇ ನೋಡಿದೆ. ನಮ್ಮ ಕೇಬಲ್ಲಿನಲ್ಲಿ ಮಾತುಗಳು ಕೆಳಗೆ ಅಕ್ಷರವಾಗಿ ಬರುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಮೆಕ್ಯಾನಿಕ್ಕನ ದನಿಯೂ ನನಗೆ ಹೋಗಿತ್ತು. ತುಟಿ ನೋಡಿ ಅರ್ಥ ಮಾಡಿಕೊಳ್ಳೋಣವೆಂದರೆ ಅದು ಇಂಗ್ಲಿಷ್ ತುಟಿ. ಕೊನೆಯ ವಾರದಲ್ಲಿ ಹಡಗು ಎಲ್ಲಕ್ಕಿಂತ ದೂರದ ದೀಪದ ಹತ್ತಿರ ಬಂತು. ನಾಯಕಿ ದೀಪದ ಕೋಣೆಯ ಒಳಗಿದ್ದಳು. ಮೆಕ್ಯಾನಿಕ್ ಬಾಗಿಲಲ್ಲಿ ನಿಂತಿದ್ದ. ಇಬ್ಬರೂ ಏನೋ ಮಾತಾಡಿದರು. ಅವಳು ನಕ್ಕಳು. ಬಾಗಿಲು ಮುಚ್ಚಿತು. ಅವನು ಸ್ವಲ್ಪ ಹೊತ್ತು ನಿಂತು, ತಿರುಗಿ ನೋಡದೆ ನಡೆದುಹೋದ. ಹಡಗು ಹೊರಟಿತು. ದುಂಡನೆಯ ಗಾಜಿನ ಹಿಂದೆ ಅವಳ ಮುಖ ಸಣ್ಣದಾಗುತ್ತಾ ಹೋಯಿತು. ಅಷ್ಟೇ. ಮುಗಿಯಿತು.

ಅವಳನ್ನು ಬಿಟ್ಟುಹೋದ ಎಂದು ನಾನು ತಿಳಿದೆ. ಎರಡು ವರ್ಷ ಜೊತೆಗಿದ್ದು, ಅವಳ ಕೈಯಲ್ಲಿ ಊಟ ಮಾಡಿ, ಕೊನೆಗೆ ಬಾಗಿಲು ಹಾಕಿಕೊಂಡು ಹೋದ. ಆ ಮೆಕ್ಯಾನಿಕ್ಕನ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಟಿವಿಗೆ ಬಟ್ಟೆ ಮುಚ್ಚಿದೆ.

ಅಕ್ಕನಿಗೆ ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಅವರು ಹೋದ ಹೊಸದರಲ್ಲಿ ಮೂರ್ನಾಲ್ಕು ಸಲ ನನ್ನ ಫೋನು ಅದುರಿ ಅವರ ನಂಬರು ಬಂದಿತ್ತು. ಎತ್ತಿದರೆ ಏನು ಕೇಳಿಸಬೇಕು? ಕಟ್ ಮಾಡಿದೆ. ನನಗೆ ಕೇಳಿಸುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು, ಗೊತ್ತಿದ್ದೂ ಯಾಕೆ ಫೋನ್ ಮಾಡುತ್ತಾರೆ ಎಂದು ಮನಸ್ಸಿಗೆ ನೋವೂ ಆಯಿತು. ಆಮೇಲೆ ಫೋನು ಬರಲಿಲ್ಲ.

ಮುಂದಿನ ವರ್ಷ ನನ್ನನ್ನು ಪಾಠದಿಂದ ಬಿಡಿಸಿ ಅರಸೀಕೆರೆಯ ಆಫೀಸೊಂದರಲ್ಲಿ ಕಾಗದಪತ್ರದ ಕೆಲಸಕ್ಕೆ ಹಾಕಿದರು. ನಾನೇ ಕೇಳಿಕೊಂಡಿದ್ದೆ. ಕಿವಿಗೆ ಮೆಷಿನ್ ಹಾಕಿಸಿಕೊಂಡೆ. ಅದು ಬಸ್ಸಿನ ಹಾರ್ನು, ಪಾತ್ರೆ ಸದ್ದು, ಫ್ಯಾನಿನ ಗಾಳಿ ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಮಾತನ್ನು ಬಿಡಿಸಿ ಕೊಡುವುದಿಲ್ಲ. ಆಫೀಸಿನಲ್ಲಿ ಎಲ್ಲರೂ ಒಳ್ಳೆಯವರು. ನಾಲ್ಕು ಜನ ಸೇರಿ ನಗುತ್ತಿರುವಾಗ ಏನು ಎಂದು ಕೇಳಿದರೆ, "ಏನಿಲ್ಲ ಬಿಡಿ ಮೇಡಂ, ಆಮೇಲೆ ಹೇಳ್ತೀನಿ" ಎನ್ನುತ್ತಾರೆ. ಹೇಳುವುದಿಲ್ಲ. ಅದರಲ್ಲಿ ಅವರ ತಪ್ಪೂ ಇಲ್ಲ. ನಗುವ ಮಾತನ್ನು ಎರಡನೇ ಸಲ, ಕೂಗಿ, ನಿಧಾನವಾಗಿ ಹೇಳಿದರೆ ಅದರಲ್ಲಿ ನಗು ಉಳಿಯುವುದಿಲ್ಲ. ಕಣಕಟ್ಟೆಯಲ್ಲಿ ನನ್ನ ಅಣ್ಣನ ಮನೆ ಇದೆ. ಹಬ್ಬಕ್ಕೆ ಹೋದರೆ ಊಟಕ್ಕೆ ಕೂತವರ ಬಾಯಿಗಳನ್ನು ಒಂದೊಂದಾಗಿ ನೋಡಿ ನೋಡಿ ಕತ್ತು ನೋಯುತ್ತದೆ. ಮಧ್ಯಾಹ್ನವೇ ಹಿಂದಿನ ತೋಟಕ್ಕೆ ಹೋಗಿ ತೆಂಗಿನ ಮರದ ಬುಡದಲ್ಲಿ ಕೂತು, ಸಂಜೆ ಬಸ್ಸಿಗೆ ಬಂದುಬಿಡುತ್ತೇನೆ. ಈಗ ನಾನಿರುವ ಮನೆ ರೈಲು ದಾರಿಗೆ ಹತ್ತಿರ. ರೈಲು ಬಂದಾಗ ನೆಲದಿಂದ ಕಾಲಿಗೆ ಗೊತ್ತಾಗುತ್ತದೆ. ಆ ಮನೆಯಲ್ಲಿ ನನ್ನನ್ನು ಮಾತಾಡಿಸುವುದು ಅದೊಂದೇ.

ಹನ್ನೆರಡು ವರ್ಷ ಹೀಗೆ ಹೋಯಿತು.

ಹೋದ ವರ್ಷ ಒಂದು ಮಧ್ಯಾಹ್ನ ಆಫೀಸಿನಲ್ಲಿ ಕರೆಂಟು ಹೋಗಿ ಎಲ್ಲರೂ ಹೊರಗೆ ಮರದ ಕೆಳಗೆ ಮಾತಾಡುತ್ತಾ ನಿಂತಿದ್ದರು. ನಾನು ಒಳಗೇ ಕೂತು ಫೋನಿನಲ್ಲಿ ಸುಮ್ಮನೆ ಆ ಧಾರಾವಾಹಿಯ ಹೆಸರು ಹುಡುಕಿದೆ. ಅಕ್ಷರ ಸಮೇತ ಎಲ್ಲಾದರೂ ಸಿಗುತ್ತದೇನೋ ಎಂದು. ಸಿಗಲಿಲ್ಲ. ಬದಲಿಗೆ ಒಂದು ಪುಸ್ತಕದ ರಟ್ಟು ಕಾಣಿಸಿತು. ಅದರ ಮೇಲೆ ಅದೇ ಹಳೆಯ ಹಡಗು. ಧಾರಾವಾಹಿ ಎಲ್ಲಿ ನಿಂತಿತೋ ಅಲ್ಲಿಂದ ಮುಂದಿನ ಕಥೆ ಎಂದು ಬರೆದಿತ್ತು. ಒಂದಲ್ಲ, ಮೂರು ಕಾದಂಬರಿಗಳು. ಬರೆದವರು ಧಾರಾವಾಹಿಯ ಮಾತುಗಳನ್ನು ಬರೆದಿದ್ದವರೇ.

ಅಷ್ಟು ವರ್ಷ ಆ ಜನರೆಲ್ಲ ಎಲ್ಲೋ ಮುಂದೆ ಬದುಕಿಕೊಂಡೇ ಇದ್ದರು, ನನಗೆ ಯಾರೂ ಹೇಳಿರಲಿಲ್ಲ.

ಮೊದಲ ಪುಸ್ತಕ ಹತ್ತು ದಿನಕ್ಕೆ ಬಂತು. ಮನೆಗೆ ಬಂದು ಕೈಕಾಲು ತೊಳೆದು, ಅನ್ನಕ್ಕಿಟ್ಟು, ಮೊದಲ ಪುಟ ತೆರೆದೆ. ಬಂದರಿನಂಥ ಒಂದು ಊರು. ಮೆಕ್ಯಾನಿಕ್ ಅಲ್ಲಿ ದೋಣಿ ರಿಪೇರಿ ಮಾಡಿಕೊಂಡಿದ್ದಾನೆ. ಯಾರೋ ಒಬ್ಬಳು ಬಂದು ಕೇಳುತ್ತಾಳೆ: ನಿಮ್ಮ ನಾಯಕಿಯನ್ನು ಯಾಕೆ ಬಿಟ್ಟುಬಂದಿರಿ? ಅವನು ಕೈಯಲ್ಲಿದ್ದ ಸ್ಪ್ಯಾನರ್ ಒರೆಸುತ್ತಾ ಹೇಳುತ್ತಾನೆ: "ನಾನು ಬಿಟ್ಟುಬರಲಿಲ್ಲ. ದೀಪ ಆರದಂತೆ ಕಾಯುತ್ತೇನೆಂದು ಅವಳೇ ಒಳಗಿನಿಂದ ಚಿಲಕ ಹಾಕಿಕೊಂಡಳು. ಹೋಗು ಅಂದಳು. ನಾನು ತಿರುಗಿ ನೋಡಿದರೆ ತನ್ನ ಕೈಲಿ ಆಗುವುದಿಲ್ಲ, ನೋಡಬೇಡ ಅಂದಳು."

ಅದನ್ನೇ ನಾಲ್ಕೈದು ಸಲ ಓದಿದೆ. ಅನ್ನ ತಳ ಹಿಡಿದ ವಾಸನೆ ಬಂದ ಮೇಲೆ ಎದ್ದೆ. ಅವನು ಹುಟ್ಟಿದ್ದೇ ಇಲ್ಲ ಎಂದು ಗೊತ್ತಿದ್ದೂ ಹನ್ನೆರಡು ವರ್ಷ ಅವನ ಮೇಲೆ ಸಿಟ್ಟಿಟ್ಟುಕೊಂಡಿದ್ದೆ. ಅವತ್ತು ಸಂಜೆ ಸೀದ ಅನ್ನವನ್ನೇ ಮಜ್ಜಿಗೆ ಹಾಕಿಕೊಂಡು ತಿನ್ನುತ್ತಾ, ಇನ್ನೇನೇನು ನಾನು ತಪ್ಪು ತಿಳಿದುಕೊಂಡಿದ್ದೇನೋ ಎಂದು ಯೋಚಿಸಿದೆ.

ಓದುವುದು ಎಷ್ಟು ಸುಲಭವಾಗಿತ್ತು ಎಂದು ಹೇಳಬೇಕು. ಯಾರು ಮಾತಾಡಿದರು ಎಂದು ಹುಡುಕುತ್ತಾ ಕತ್ತು ತಿರುಗಿಸಬೇಕಾಗಿರಲಿಲ್ಲ. ಅವಳು ಹೇಳಿದಳು, ಅವನು ಹೇಳಿದ ಎಂದು ಅಲ್ಲೇ ಬರೆದಿರುತ್ತಿತ್ತು. ಮೆಲ್ಲಗೆ ಹೇಳಿದ್ದೂ ನನಗೆ ಬರುತ್ತಿತ್ತು. ಬೆನ್ನು ತಿರುಗಿಸಿ ಹೇಳಿದ್ದೂ, ಕತ್ತಲಲ್ಲಿ ಹೇಳಿದ್ದೂ ಬರುತ್ತಿತ್ತು. ನಾಯಕಿ ಪಿಸುಗುಟ್ಟಿದಳು ಎಂದಿದ್ದರೆ ಆ ಪಿಸುಮಾತೂ ಪೂರ್ತಿ ನನ್ನದೇ. ಇಂಗ್ಲಿಷ್ ಕಷ್ಟವಾದಲ್ಲಿ ನಿಘಂಟು ತೆಗೆಯುತ್ತಿದ್ದೆ. ಒಂದು ತಿಂಗಳಲ್ಲಿ ಮೊದಲನೆಯದು ಮುಗಿಯಿತು. ಎರಡನೆಯದನ್ನು ತರಿಸಿದೆ.

ಎರಡನೆಯದರಲ್ಲಿ ಒಂದು ಕಡೆ ನಿಂತುಹೋದೆ. ಮೆಕ್ಯಾನಿಕ್ ಮತ್ತೆ ಆ ದೂರದ ದೀಪಕ್ಕೆ ಹೊರಡಲು ಹಣ, ಜನ ಹೊಂದಿಸುತ್ತಿದ್ದಾನೆ. ನಿನಗೆ ಹಿಂದೆಮುಂದೆ ಯಾರಿದ್ದಾರೆ ಎಂದು ಒಬ್ಬ ಕೇಳುತ್ತಾನೆ. "ಯಾರೂ ಇಲ್ಲ. ಯಾವತ್ತೂ ಇರಲಿಲ್ಲ. ಒಬ್ಬನೇ ಮಗ, ಅಪ್ಪ ಅಮ್ಮ ಹೋಗಿ ಬಹಳ ಕಾಲವಾಯಿತು" ಎನ್ನುತ್ತಾನೆ.

ಹಾಗಾದರೆ ತಂಗಿ? ಪೆನ್ಸಿಲಿನಲ್ಲಿ ಪಕ್ಕದಲ್ಲಿ ಒಂದು ಪ್ರಶ್ನೆ ಗುರುತು ಹಾಕಿದೆ. ಸುಳ್ಳು ಹೇಳುತ್ತಿದ್ದಾನೆ, ಅವಳಿಗೆ ತೊಂದರೆ ಆಗಬಾರದೆಂದು ಮುಚ್ಚಿಡುತ್ತಿದ್ದಾನೆ ಎಂದುಕೊಂಡೆ. ಮುಂದೆ ಎಲ್ಲಾದರೂ ಬರುತ್ತಾಳೆಂದು ಪುಸ್ತಕ ಮುಗಿಯುವ ತನಕ ಕಾದೆ. ಬರಲಿಲ್ಲ. ಮೊದಲ ಪುಸ್ತಕವನ್ನು ಮತ್ತೆ ತಿರುವಿ ಹಾಕಿದೆ. ಅಲ್ಲೂ ಇಲ್ಲ. ಬರೆದವರೇ ಮರೆತರೆ? ಅವರು ಮರೆಯುವುದು ಹೇಗೆ? ಇದನ್ನು ಕೇಳಬಹುದಾದವರು ಇಡೀ ಪ್ರಪಂಚದಲ್ಲಿ ಒಬ್ಬರೇ ಇದ್ದರು.

ಅವರ ನಂಬರು ಇನ್ನೂ ನನ್ನಲ್ಲಿತ್ತು. "ಅಕ್ಕ, ನಾನು" ಎಂದು ಟೈಪ್ ಮಾಡಿ ಅಳಿಸಿದೆ. ಹನ್ನೆರಡು ವರ್ಷದ ಮೇಲೆ ಮೊದಲ ಮಾತೇ, ಇಲ್ಲದವನ ತಂಗಿ ಎಲ್ಲಿ ಎಂದು ಹೇಗೆ ಕೇಳುವುದು? ಜನವರಿಯ ಒಂದು ಭಾನುವಾರ ಎರಡೂ ಪುಸ್ತಕ ಬ್ಯಾಗಿಗೆ ಹಾಕಿಕೊಂಡು ಬೇಲೂರಿನ ಬಸ್ಸು ಹತ್ತಿದೆ. ಜಾವಗಲ್ ದಾಟಿ ಹಳೇಬೀಡಿನಲ್ಲಿ ಪ್ರವಾಸದ ಜನ ಹತ್ತಿ ನಿಂತುಕೊಳ್ಳಲೂ ಜಾಗವಿರಲಿಲ್ಲ. ಬೇಲೂರಿನಲ್ಲಿ ಬಸ್ಸು ಬದಲಾಯಿಸಿ ಗೆಂಡೆಹಳ್ಳಿಯಲ್ಲಿ ಇಳಿದಾಗ ಹನ್ನೊಂದು ಗಂಟೆ. ಅಂಗಡಿಯವನನ್ನು ಸೈನ್ಸ್ ಮೇಡಂ ಮನೆ ಎಲ್ಲಿ ಎಂದು ಕೇಳಿದೆ. ಅವನು ಮಾತಾಡದೆ ಕೈ ಚಾಚಿ ತೋರಿಸಿದ. ಹಾಗೆ ಕೈಯಲ್ಲೇ ಹೇಳುವವರನ್ನು ಕಂಡರೆ ನನಗೆ ಬಹಳ ಇಷ್ಟ.

ಅಕ್ಕ ಜಗಲಿಯ ನೆರಳಲ್ಲಿ ಮೊರದ ತುಂಬ ಅವರೆಕಾಯಿ ಸುರುವಿಕೊಂಡು ಸುಲಿಯುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ತಲೆ ಎತ್ತಿ, ಯಾರು ಎಂದರು. ಆಮೇಲೆ ನನ್ನನ್ನು ನೋಡುತ್ತಲೇ ಇದ್ದರು. ಕೂತಿದ್ದ ಮಣೆಯನ್ನು ಎಳೆದುಕೊಂಡು ನೆರಳಿನಿಂದ ಬಿಸಿಲಿಗೆ ಬಂದು, ಬೆಳಕು ತಮ್ಮ ಮುಖದ ಮೇಲೆ ಬೀಳುವ ಹಾಗೆ ತಿರುಗಿ ಕೂತರು. ಆಮೇಲೆ ಬಾಯಿ ತೆರೆದರು.

"ನೀನಾ! ಬಾ, ಕೂತ್ಕೋ ಇಲ್ಲಿ ಎದುರಿಗೆ."

ನಾನೂ ಕೂತು ಅವರೆಕಾಯಿ ಸುಲಿಯಲು ಶುರುಮಾಡಿದೆ. ಕೈಗೆ ಕೆಲಸ ಇದ್ದದ್ದು ಒಳ್ಳೆಯದಾಯಿತು. ಅವರು ಈಗ ಸ್ಕೂಲಿನ ಹೆಡ್‌ಮಿಸ್ಸು. ನಿವೃತ್ತಿಗೆ ಮೂರು ವರ್ಷ ಇದೆ. ಅವರ ಗಂಡ ಬಂದು ನಮಸ್ಕಾರ ಮಾಡಿ, ಕಾಫಿ ತಂದುಕೊಟ್ಟು, ಶುಂಠಿ ಹೊಲಕ್ಕೆ ಹೋದರು. ನಾನು ಪುಸ್ತಕ ತೆಗೆದು ತೋರಿಸಿದೆ. ಅಕ್ಕ ಕನ್ನಡಕ ಏರಿಸಿ ಹಡಗನ್ನು ನೋಡಿದರು.

"ಏನೇ ಇದು?"

"ನಾವು ಶುಕ್ರವಾರ ನೋಡ್ತಿದ್ವಲ್ಲ ಅಕ್ಕ. ದೀಪ ರಿಪೇರಿ ಮಾಡೋರು."

"ಓ, ಆ ಲೈನ್‌ಮ್ಯಾನ್‌ಗಳದ್ದಾ? ಅದ್ರದ್ದು ಪುಸ್ತಕ ಬೇರೆ ಬಂದೈತಾ?" ಎಂದು ನಕ್ಕರು. ಅವರಿಗೆ ಅದು ನೆನಪಿನಲ್ಲಿ ಅಷ್ಟು ದೂರ ಹೋಗಿತ್ತು. ಕೊನೆ ಏನಾಯಿತು ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಊರಿಗೆ ಬಂದ ಮೇಲೆ ನೋಡಿಯೇ ಇರಲಿಲ್ಲ. ನಾನು ಪ್ರಶ್ನೆ ಗುರುತು ಹಾಕಿದ ಪುಟ ತೆರೆದೆ.

"ಇಲ್ಲಿ ಅವನಿಗೆ ಯಾರೂ ಇಲ್ಲ ಅಂತ ಬರೆದಿದಾರೆ. ತಂಗಿ ಇದ್ಲಲ್ವಾ ಅಕ್ಕ? ಹೊಲಿಗೆ ಕಲಿತಿದ್ಲು. ಅವಳಿಗೆ ಏನಾಯ್ತು?"

"ಯಾವ ತಂಗಿ?"

"ಮೆಕ್ಯಾನಿಕ್ ತಂಗಿ. ಕಾಗದ ಬರೀತಿದ್ನಲ್ಲ."

ಅಕ್ಕ ಅವರೆಕಾಯಿಯನ್ನು ಕೈಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಅವರ ಇಡೀ ಮೈ ಅಲುಗಾಡತೊಡಗಿತು. ನಗುತ್ತಿದ್ದರು. ಕಣ್ಣೊರೆಸಿಕೊಂಡು, ನನಗೆ ಕಾಣುವ ಹಾಗೆ ನಿಧಾನವಾಗಿ ಹೇಳಿದರು:

"ಅಯ್ಯೋ ಹುಚ್ಚಿ, ಅವ್ರ ಇಂಗ್ಲಿಷು ನಂಗೆಲ್ಲಿ ಅರ್ಥ ಆಗ್ತಿತ್ತು? ಬಾಯಲ್ಲಿ ಏನೋ ಇಟ್ಕೊಂಡಂಗೆ ಮಾತಾಡೋರು. ಅರ್ಧ ಅವ್ರು ಹೇಳಿದ್ದು, ಅರ್ಧ ನಾನು ಹೇಳಿದ್ದು. ನೀನು ನನ್ನ ಮುಖಾನೇ ನೋಡ್ಕೊಂಡು ಕೂತಿರ್ತಿದ್ಯಲ್ಲ. ಗೊತ್ತಿಲ್ಲ ಅನ್ನಕ್ಕೆ ನಂಗೆ ಬಾಯಿ ಬತ್ತಿರ್ಲಿಲ್ಲ."

"ಹಂಗಾದ್ರೆ ತಂಗಿ ಇರ್ಲೇ ಇಲ್ವಾ?"

"ಇರ್ಲಿಲ್ಲ ಕಣೇ. ಅವ್ನಿಗೆ ಯಾರೂ ಇಲ್ಲ ಅಂತ ಪುಸ್ತಕದಲ್ಲೂ ಐತಾ? ಪಾಪ. ನಾನು ಕೊಟ್ಟಿದ್ದೇ ವಾಸಿ ಆಯ್ತು ಬಿಡು."

ನಾನೂ ನಕ್ಕೆ. ಆ ತಂಗಿಗೆ ಜ್ವರ ಬಂದಾಗ ನಾನು ಒಂದು ವಾರ ಕಾದಿದ್ದೆ.

ನಗು ನಿಂತ ಮೇಲೆ ಅಕ್ಕ ಮತ್ತೆ ಸುಲಿಯುತ್ತಾ ತಲೆ ಬಗ್ಗಿಸಿದರು. ಏನೋ ಹೇಳಿದರು. ನನಗೆ ಕಾಣಲಿಲ್ಲ ಎಂದು ಅವರಿಗೇ ಹೊಳೆದು ಮುಖ ಎತ್ತಿದರು. ಆಗ ಆ ಮುಖದಲ್ಲಿ ನಗು ಇರಲಿಲ್ಲ.

"ಹಾಸನಕ್ಕೆ ಯಾಕೆ ಬರ್ಲಿಲ್ಲ ನೀನು ಅಂದೆ."

"ಯಾವ ಹಾಸನ?"

"ನಾನು ಊರಿಗೆ ಹೊಂಟ ದಿನ, ಬಸ್ಸಲ್ಲಿ ಕೂತು ಹೇಳ್ದೆ. ಹಾಸನದಲ್ಲಿ ಕಿವಿ ಡಾಕ್ಟ್ರಿಗೆ ಹೇಳಿಟ್ಟಿದೀನಿ, ಮುಂದಿನ ಶನಿವಾರ ಎರಡು ಗಂಟೆಗೆ ಬಸ್ ಸ್ಟ್ಯಾಂಡಿಗೆ ಬಾ, ನಾನು ಇರ್ತೀನಿ ಅಂತ. ನೀನು ಹೂಂ ಹೂಂ ಅಂತ ತಲೆ ಆಡ್ಸಿದೆ."

ನನ್ನ ಕೈ ನಿಂತಿತು.

"ಐದೂವರೆ ತನಕ ನಿಂತಿದ್ದೆ. ಬಸ್ಸು ಬಂದಾಗೆಲ್ಲ ಹೋಗಿ ನೋಡದು. ಏನಾದ್ರೂ ಆಯ್ತೇನೋ ಅಂತ ಆಮೇಲೆ ಫೋನ್ ಮಾಡಿದ್ರೆ ಕಟ್ ಮಾಡ್ತಿದ್ದೆ. ನಾನು ಬಿಟ್ಟು ಹೋದೆ ಅಂತ ಸಿಟ್ಟು ಬಂದೈತೆ ಅನ್ಕೊಂಡೆ. ಆಮೇಲೆ ನಂಗೂ ಸಿಟ್ಟು ಬಂತು."

"ನಂಗೆ ಕೇಳಿಸ್ಲಿಲ್ಲ ಅಕ್ಕ. ಹುಷಾರು ಅಂತಿದೀರ ಅನ್ಕೊಂಡೆ."

"ಕೇಳಿಸ್ಲಿಲ್ಲ ಅಂತ ಹೇಳ್ಬೇಕಲ್ವೇನೇ? ನನ್ ಹತ್ರನೂ ತಲೆ ಆಡ್ಸದಾ?"

ನನ್ನ ಕಿವಿ ಕೇಳುವುದಿಲ್ಲ ಎಂದು ಮೊದಲು ಹೇಳಿದವರ ಎದುರಿಗೇ ನಾನು ಕೇಳಿಸಿದ ಹಾಗೆ ನಟಿಸಿದ್ದೆ. ಅವತ್ತು ಅವರನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿದ್ದರೆ ಡ್ರೈವರ್ ಅರ್ಧ ನಿಮಿಷ ನಿಲ್ಲಿಸುತ್ತಿದ್ದ. ಹಾಸನಕ್ಕೆ ಹೋಗಿದ್ದರೆ ಕಿವಿ ಉಳಿಯುತ್ತಿತ್ತೆಂದು ನಾನು ಹೇಳುವುದಿಲ್ಲ. ಆಮೇಲೆ ನೋಡಿದ ಡಾಕ್ಟರು, ನರದ ತೊಂದರೆ, ಯಾವಾಗ ಬಂದಿದ್ದರೂ ಇಷ್ಟೇ ಎಂದಿದ್ದಾರೆ. ಆದರೆ ಆ ಶನಿವಾರ ಮೂರೂವರೆ ಗಂಟೆ ಹೊತ್ತು ಒಬ್ಬರು ನನಗಾಗಿ ಬಸ್ಸುಗಳ ಬಾಗಿಲು ನೋಡುತ್ತಾ ನಿಂತಿದ್ದರು. ನಾನು ಅರಸೀಕೆರೆಯ ರೂಮಿನಲ್ಲಿ, ನನಗೆ ಯಾರೂ ಇಲ್ಲ ಎಂದುಕೊಂಡು ಬಟ್ಟೆ ಒಗೆಯುತ್ತಿದ್ದೆ.

ಅಕ್ಕ ನನ್ನ ಮೊಣಕಾಲು ಮುಟ್ಟಿ, "ಹೋಗ್ಲಿ ಬಿಡು. ಏಳು, ಊಟ ಮಾಡಣ" ಎಂದರು.

ಅವರೆಕಾಳಿನ ಸಾರು, ಮುದ್ದೆ. ಊಟವಾದ ಮೇಲೆ ಜಗಲಿಯಲ್ಲೇ ಚಾಪೆ ಹಾಕಿದರು. "ಎಲ್ಲಿ, ಆ ಪುಸ್ತಕದಲ್ಲಿ ಏನೈತೆ ಹೇಳು. ಕೊನೆಗೆ ಅವ್ರೆಲ್ಲ ಏನಾದ್ರು?" ಎಂದರು. ನಾನು ಹೇಳಲು ಶುರುಮಾಡಿದೆ. ಬಾಗಿಲ ಚಿಲಕ, ಬಂದರಿನ ಊರು, ದೋಣಿ ರಿಪೇರಿ. ನನ್ನ ದನಿ ನನಗೇ ಕೇಳುವುದಿಲ್ಲವಾದ್ದರಿಂದ ಜೋರಾಯಿತೋ ಮೆಲ್ಲಗಾಯಿತೋ ಗೊತ್ತಿಲ್ಲ. ಅಷ್ಟು ಉದ್ದ ಮಾತಾಡಿ ವರ್ಷಗಳಾಗಿದ್ದವು. ಗಂಟಲು ಒಣಗಿತು. ಮೆಕ್ಯಾನಿಕ್ ಹೊಸ ಹಡಗಿಗೆ ಜನ ಸೇರಿಸುವಲ್ಲಿಗೆ ಬಂದಾಗ ನೋಡಿದರೆ ಅಕ್ಕ ಗೋಡೆಗೆ ಒರಗಿ, ಬಾಯಿ ಸ್ವಲ್ಪ ತೆರೆದು, ನಿದ್ದೆ ಹೋಗಿದ್ದರು.

ವಾರವಿಡೀ ಸ್ಕೂಲು, ಭಾನುವಾರ ಮನೆಯ ಕೆಲಸ. ಆಯಾಸವಾಗಿತ್ತು. ನನಗೆ ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಎಬ್ಬಿಸಲಿಲ್ಲ. ಉಳಿದ ಅವರೆಕಾಯಿಯನ್ನೆಲ್ಲ ಸುಲಿದಿಟ್ಟೆ. ನಾಲ್ಕು ಗಂಟೆಗೆ ಅವರ ಗಂಡ ಬಂದು, ಕೊನೆ ಬಸ್ಸು ತಪ್ಪಿದರೆ ಕಷ್ಟ ಎಂದು ಕೈಗಡಿಯಾರ ತೋರಿಸಿದರು. ಅಕ್ಕ ಗಡಬಡಿಸಿ ಎದ್ದು, "ಎಲ್ಲಿಗೆ ಬಂದಿತ್ತು ಕಥೆ?" ಎಂದರು. "ಇನ್ನೊಂದ್ಸಲ ಹೇಳ್ತೀನಿ ಅಕ್ಕ" ಎಂದೆ. ಅವರ ಗಂಡ ನನ್ನನ್ನು ಸ್ಕೂಟರಿನಲ್ಲಿ ಬಸ್ಸಿಗೆ ಬಿಟ್ಟರು.

ಬೇಲೂರಿನಿಂದ ಸಿಕ್ಕ ಬಸ್ಸು ಹಳೇಬೀಡಿನ ತನಕ ಮಾತ್ರ ಇತ್ತು. ಅಲ್ಲಿ ಇಳಿದು ಅರಸೀಕೆರೆ ಬಸ್ಸಿಗೆ ಕಾಯುತ್ತಾ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ತಲೆಯ ಮೇಲೆ ಸೊಪ್ಪಿನ ಕುಕ್ಕೆ ಹೊತ್ತ ಒಬ್ಬ ಹೆಂಗಸು ಬಂದು ಏನೋ ಕೇಳಿದಳು. ತಲೆ ಆಡಿಸಲು ಕತ್ತು ತಾನೇ ಸಿದ್ಧವಾಯಿತು. ತಡೆದುಕೊಂಡು, "ನಂಗೆ ಕಿವಿ ಕೇಳಲ್ಲ ಕಣಮ್ಮ. ಎದುರಿಗೆ ನಿಂತು ನಿಧಾನಕ್ಕೆ ಹೇಳು" ಎಂದೆ. ಅಪರಿಚಿತರೊಬ್ಬರಿಗೆ ಇದನ್ನು ಹೇಳಿದ್ದು ಅದೇ ಮೊದಲು. ಅವಳು ಕುಕ್ಕೆ ಕೆಳಗಿಟ್ಟು, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಖ ಹತ್ತಿರ ತಂದು, "ಜಾವಗಲ್ ಬಸ್ಸು ಓಯ್ತಾ?" ಎಂದಳು. ಇಲ್ಲ, ಇನ್ನೂ ಬಂದಿಲ್ಲ ಎಂದೆ. ಬಸ್ಸು ಬಂದಾಗ ನನ್ನ ತೋಳು ತಟ್ಟಿ ಎಬ್ಬಿಸಿದವಳೂ ಅವಳೇ.

ಮೂರನೆಯ ಪುಸ್ತಕವನ್ನು ಮಳೆಗಾಲದಲ್ಲಿ ಓದಿ ಮುಗಿಸಿದೆ. ಮೆಕ್ಯಾನಿಕ್ ಕೊನೆಗೂ ದೂರದ ದೀಪವನ್ನು ಮುಟ್ಟುತ್ತಾನೆ. ನಾಯಕಿ ಬದುಕಿದ್ದಾಳೆ, ವಯಸ್ಸಾಗಿದೆ. ಇಬ್ಬರಿಗೂ ಹೆಚ್ಚು ಮಾತು ಬರುವುದಿಲ್ಲ. ದೀಪದ ಒಂದು ಕಡೆ ಕೆಟ್ಟಿರುತ್ತದೆ, ಅದನ್ನು ಬಿಚ್ಚಿ ಕೂರುತ್ತಾರೆ. ರಿಪೇರಿ ಮುಗಿಯುವ ಮೊದಲೇ ಪುಸ್ತಕ ಮುಗಿಯುತ್ತದೆ. ಇನ್ನು ಮುಂದೆ ಬರೆಯುವುದಿಲ್ಲ ಎಂದು ಲೇಖಕರು ಕೊನೆಯ ಪುಟದಲ್ಲಿ ಹೇಳಿದ್ದಾರೆ.

ಅದಾದ ಮೇಲೆ ಅಕ್ಕ ಒಮ್ಮೆ ಅರಸೀಕೆರೆಗೆ ಮದುವೆಗೆ ಬಂದವರು ಅರ್ಧ ಗಂಟೆ ನಮ್ಮ ಮನೆಗೂ ಬಂದರು. ಕಿಟಕಿಯ ಪಕ್ಕ, ಬೆಳಕಿಗೆ ಮುಖ ಕೊಟ್ಟು ಕೂತು ಕಾಫಿ ಕುಡಿದರು. ಮೊಮ್ಮಗುವಿನ ಫೋಟೋ ತೋರಿಸಿದರು. ಹೊರಡುವಾಗ ಕಪಾಟಿನಲ್ಲಿ ಸಾಲಾಗಿ ನಿಂತಿದ್ದ ಮೂರು ಪುಸ್ತಕ ಕಂಡು, "ಮುಗೀತಾ? ಹೆಂಗಾಯ್ತು ಕೊನೆಗೆ?" ಎಂದರು. ಸ್ಕೂಟರು ಹೊರಗೆ ಕಾಯುತ್ತಿತ್ತು. ಮೂರು ಮಾತಿನಲ್ಲಿ ಹೇಳಿದೆ. "ಸಿಕ್ಕಿದ್ಲಲ್ಲ, ಅಷ್ಟಾಯ್ತಲ್ಲ" ಎಂದು ನನ್ನ ಕೆನ್ನೆ ಮುಟ್ಟಿ ಹೋದರು. ಈಗ ನಾವು ಹಬ್ಬಕ್ಕೆ ಮೆಸೇಜು ಕಳಿಸಿಕೊಳ್ಳುತ್ತೇವೆ. ಕೆಲವು ಸಲ ನನ್ನ ಉದ್ದದ ಮೆಸೇಜಿಗೆ ಅವರಿಂದ ಒಂದು ಹೂವಿನ ಚಿತ್ರ ಬರುತ್ತದೆ, ಅದೂ ಎರಡು ದಿನ ಬಿಟ್ಟು.

ಸಂಜೆ ಓದುವ ಅಭ್ಯಾಸ ಮಾತ್ರ ಉಳಿದಿದೆ. ಲೈಬ್ರರಿಯಿಂದ ಬೇರೆ ಬೇರೆ ಕಾದಂಬರಿ ತರುತ್ತೇನೆ. ಒಳ್ಳೆಯವೇ ಇರುತ್ತವೆ. ಆದರೆ ಅವುಗಳಲ್ಲಿ ನನಗೆ ಯಾರ ಪರಿಚಯವೂ ಇಲ್ಲ.